ನೀರು ಎಲ್ಲಿಯವರೆಗೆ ಬರುತ್ತದೆ

ಮಕ್ಕಳೇ, ಹೋದ ಭಾನುವಾರ ನಿಮ್ಮ ಅಪ್ಪ ಊಟದ ಮೇಜಿನ ತುಂಬ ಈಜುಕೊಳದ ಚಿತ್ರಗಳನ್ನು ಹರಡಿಕೊಂಡು ಕೂತಿದ್ದನ್ನು ನೀವೂ ನೋಡಿದಿರಿ. ಮನೆಯ ಹಿಂದೆ, ನಾನು ಮೊದಲು ಕನಕಾಂಬರ ಬೆಳೆಯುತ್ತಿದ್ದ ಜಾಗದಲ್ಲಿ, ಒಂದು ಕೊಳ ಆಗಬೇಕಂತೆ. ನೀಲಿ ತೊಟ್ಟಿಯನ್ನು ಲಾರಿಯಲ್ಲಿ ತಂದು ಇಳಿಸಿಬಿಡುತ್ತೇವೆ, ಹತ್ತು ದಿನದ ಕೆಲಸ ಎಂದು ಕಂಪನಿಯಿಂದ ಬಂದವರು ಹೇಳಿದರು. ಜಾಗವನ್ನು ಟೇಪಿನಿಂದ ಅಳೆದರು, ಫೋನಿನಲ್ಲಿ ಫೋಟೋ ತೆಗೆದುಕೊಂಡರು, ಕಾಫಿ ಕುಡಿದರು. ಕರಿಬೇವಿನ ಗಿಡದ ಪಕ್ಕದ ಕಲ್ಲುಚಪ್ಪಡಿಯ ಮೇಲೆ ಲೋಟ ಇಟ್ಟು ಹೊರಟುಹೋದರು. ಆ ಚಪ್ಪಡಿಯ ಕೆಳಗೆ ಏನಿದೆ ಎಂದು ಒಬ್ಬರೂ ಕೇಳಲಿಲ್ಲ.

ಅದನ್ನು ಕೇಳಿದ್ದವರು ಒಬ್ಬರಿದ್ದರು. ಅವರು ತೀರಿಕೊಂಡರೆಂದು ಕಳೆದ ತಿಂಗಳು ದೊಡ್ಡಬಳ್ಳಾಪುರದಲ್ಲಿ ನೆಂಟರ ಗೃಹಪ್ರವೇಶದ ಪಂಕ್ತಿಯಲ್ಲಿ ಯಾರೋ ಮಾತಿಗೆ ಮಾತು ಬಂದು ಹೇಳಿದರು. ಹೋಳಿಗೆಯನ್ನು ಎಲೆಯಲ್ಲೇ ಬಿಟ್ಟು ಎದ್ದೆ. ನಾಲ್ಕು ಜನರ ಮುಂದೆ ಬಾಯಿ ಬಿಡುವುದು ನನಗೆ ಯಾವತ್ತೂ ಬಂದಿಲ್ಲ, ನಿಮಗೆ ಗೊತ್ತು. ಅದಕ್ಕೇ ಬರೆಯುತ್ತಿದ್ದೇನೆ. ಅವರ ಹೆಸರು ಬರೆಯುವುದಿಲ್ಲ. ಅವರ ಮನೆಯವರು ಈಗಲೂ ಅದೇ ಊರಿನಲ್ಲಿ ಮಗ್ಗ ನಡೆಸುತ್ತಿದ್ದಾರೆ. ನಮ್ಮ ಕಡೆ ಅವರನ್ನು ತೊಟ್ಟಿ ಮೇಸ್ತ್ರಿ ಅನ್ನುತ್ತಿದ್ದರು. ನಾನೂ ಹಾಗೇ ಅನ್ನುತ್ತೇನೆ.

ನಿಮ್ಮ ತಾತ ಹೋಗಿ ಎರಡು ವರ್ಷ ಆಗಿತ್ತು. ನಿಮ್ಮ ಅಪ್ಪ ಇನ್ನೂ ಹೈಸ್ಕೂಲಿನಲ್ಲಿದ್ದ, ನಿಮ್ಮ ಅತ್ತೆ ಅವನಿಗಿಂತ ಚಿಕ್ಕವಳು. ಕೆರೆ ಏರಿಯ ಕೆಳಗೆ ನಮ್ಮ ಪಾಲಿಗೆ ಬಂದ ಈ ತುಂಡು ಜಮೀನು, ಅದರಲ್ಲಿ ಈಗ ಆ ಚಪ್ಪಡಿಯ ಕೆಳಗಿರುವ ಈ ಬಾವಿ. ಬಾವಿ ಇದ್ದದ್ದರಿಂದ ಕನಕಾಂಬರ, ದಂಟುಸೊಪ್ಪು. ಅವುಗಳಿಂದ ನಮ್ಮ ಮೂವರ ಅನ್ನ. ಬೆಳಗಿನ ಮೊದಲ ಬಸ್ಸಿಗೆ ಬುಟ್ಟಿ ಹಾಕಿಕೊಂಡು ದೊಡ್ಡಬಳ್ಳಾಪುರದ ಮಾರ್ಕೆಟ್ಟಿಗೆ ಹೋಗಿ ಬರುತ್ತಿದ್ದೆ. ಬಾವಿ ಬತ್ತಿದರೆ ಏನು ಮಾಡಬೇಕೆಂದು ನನಗೆ ಗೊತ್ತಿರಲಿಲ್ಲ. ಆದ್ದರಿಂದ ಬಾವಿಯ ಕಡೆ ಯಾರು ತಿರುಗಿ ನೋಡಿದರೂ ಕೈಯ ಕೆಲಸ ಬಿಟ್ಟು ಅವರನ್ನೇ ನೋಡುತ್ತಾ ನಿಲ್ಲುತ್ತಿದ್ದೆ.

ಆ ಕಾಲದಲ್ಲಿ ಬೆಂಗಳೂರಿನವರು ನಮ್ಮ ಕಡೆ ಜಮೀನು ತೆಗೆದುಕೊಳ್ಳಲು ಶುರುಮಾಡಿದ್ದರು. ನಮ್ಮ ಪಕ್ಕದ ಮಾವಿನ ತೋಪನ್ನು ವಯಸ್ಸಾದ ಒಬ್ಬರು ಕೊಂಡು, ಕಬ್ಬಿಣದ ಗೇಟು ಹಾಕಿಸಿ, ಮನೆ ಕಟ್ಟಿಸಿದರು. ಊರಿನವರೆಲ್ಲ ಅವರನ್ನು ಸಾಹೇಬರು ಅನ್ನುತ್ತಿದ್ದರು. ಅವರಿಗೆ ಮಂಡಿನೋವು. ನೀರಿನಲ್ಲಿ ಈಜಿದರೆ ವಾಸಿ ಎಂದು ಡಾಕ್ಟರು ಹೇಳಿದ್ದರಂತೆ. ಕೆರೆ ಕೂಗಳತೆಯಲ್ಲಿತ್ತು. ಆದರೆ ಅವರಿಗೆ ಮನೆಯ ಮುಂದೆಯೇ ಕೊಳ ಬೇಕು. ಅದಕ್ಕೆ ಮೇಸ್ತ್ರಿ ಬಂದರು.

ನಾನು ಅವರನ್ನು ಮೊದಲು ಕಂಡದ್ದು ಬೇಲಿಯ ಸಂದಿಯಿಂದ. ಸಣಕಲು ಮನುಷ್ಯ, ಮಾಸಿದ ಬಿಳಿ ಅಂಗಿ, ಹೆಗಲಿಗೆ ಒಂದು ಕಾಕಿ ಚೀಲ. ತೋಪಿನ ನಡುವೆ ಕುಕ್ಕರುಗಾಲಿನಲ್ಲಿ ಕೂತು ನೆಲವನ್ನು ಕೆದಕಿದರು. ಒಂದು ಚಿಟಿಕೆ ಮಣ್ಣು ತೆಗೆದು ಮೂಸಿದರು. ಆಮೇಲೆ ಬಾಯಿಗೆ ಹಾಕಿಕೊಂಡು ಹಲ್ಲಿನಲ್ಲಿ ಕಡಿದು ಉಗಿದರು. ನನ್ನ ಕೈಯಲ್ಲಿದ್ದ ಹೂವೆಲ್ಲ ಮಡಿಲಿಗೆ ಬಿತ್ತು. ರಾಜಘಟ್ಟದ ದಿಬ್ಬದ ಕಡೆ ಹಳೆಯ ಇಟ್ಟಿಗೆ ಸಿಗುತ್ತವೆ, ನಿಧಿಗಾಗಿ ಕೆಲವರು ಕದ್ದು ಅಗೆಯುತ್ತಾರೆ ಎಂಬ ಮಾತು ನಮ್ಮಲ್ಲಿ ಇದ್ದೇ ಇತ್ತು. ಈಜುಕೊಳ ಅನ್ನುವುದು ಬರೀ ನೆಪ ಎಂದು ಬೀದಿಯ ಹೆಂಗಸರು ಅಂದುಕೊಂಡೆವು.

ಮಾರನೆಯ ದಿನ ಅವರು ಗಾಜಿನ ಸೀಸೆಯಲ್ಲಿ ಮಣ್ಣು, ನೀರು ಹಾಕಿ ಕುಲುಕಿ ಕಾಂಪೌಂಡಿನ ಮೇಲೆ ಇಟ್ಟು ಹೋದರು. ಮಣ್ಣು ಎಷ್ಟು, ಮರಳು ಎಷ್ಟು ಎಂದು ಪದರ ಕೂರುವುದನ್ನು ನೋಡುವುದಕ್ಕೆ. ಅದು ನಮಗೇನು ಗೊತ್ತು? ಮಾಟ ಎಂದುಕೊಂಡು ಯಾರೋ ಕಲ್ಲು ಹೊಡೆದು ಒಡೆದರು. ಅವರು ಬಂದು ಚೂರುಗಳನ್ನು ಆರಿಸಿ, ಇನ್ನೊಂದು ಸೀಸೆ ಇಟ್ಟರು. ಅದೂ ಒಡೆಯಿತು. ಮೂರನೆಯದನ್ನು ಮಾವಿನ ಕೊಂಬೆಗೆ ತಂತಿಯಲ್ಲಿ ಬಿಗಿದು ನೇತುಹಾಕಿದರು. ಆಗಂತೂ ಎಲ್ಲರಿಗೂ ಖಾತ್ರಿಯೇ ಆಗಿಹೋಯಿತು.

ನಾನೂ ಸುಮ್ಮನಿರಲಿಲ್ಲ. ಒಂದು ನಿಂಬೆಹಣ್ಣು ಕುಯ್ದು, ಕುಂಕುಮ ಹಚ್ಚಿ ನಮ್ಮ ಬಾವಿಕಟ್ಟೆಯ ಮೇಲೆ ಇಟ್ಟೆ. ಮಧ್ಯಾಹ್ನ ಅವರು ಬೇಲಿಯ ಹತ್ತಿರ ಬಂದವರು ಅದನ್ನು ನೋಡಿ ಎರಡು ಹೆಜ್ಜೆ ಹಿಂದೆ ಸರಿದರು. "ಅಕ್ಕಾ, ಯಾರೋ ನಿಮ್ಮ ಬಾವಿಗೆ ಏನೋ ಮಾಡ್ಸವ್ರೆ. ಹುಷಾರು, ಮುಟ್ಬೇಡಿ," ಅಂದರು. ನಾನು ಸೆರಗು ಬಾಯಿಗೆ ಇಟ್ಟುಕೊಂಡು ಒಳಗೆ ಹೋದೆ. ಅದು ನಗುವೋ ಭಯವೋ ನನಗೇ ತಿಳಿಯಲಿಲ್ಲ.

ನಮಗಿಂತ ಹೆಚ್ಚು ಅನುಮಾನ ಅವರಿಗೇ ಇತ್ತು ಅನ್ನುವುದು ಆಮೇಲಾಮೇಲೆ ಗೊತ್ತಾಯಿತು. ಯಾರು ನೀರು ಕೊಟ್ಟರೂ ಲೋಟವನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದರು. ಸಿಮೆಂಟಿನ ಚೀಲದೊಳಗೆ ಮೊಣಕೈವರೆಗೆ ಕೈ ಹಾಕಿ ತಣ್ಣಗಿದೆಯಾ ಎಂದು ನೋಡುತ್ತಿದ್ದರು. ಗಾರೆಯವನು ಮಟ್ಟ ಹಿಡಿದು ಸರಿಯಿದೆ ಅಂದರೆ ತಮ್ಮ ಚೀಲದಿಂದ ದಾರಕ್ಕೆ ಕಟ್ಟಿದ ತೂಕದ ಗುಂಡು ತೆಗೆದು ಇನ್ನೊಮ್ಮೆ ಬಿಟ್ಟು ನೋಡುತ್ತಿದ್ದರು. ಬಸ್ಸಿನ ಕಂಡಕ್ಟರ್ ಊರಿನ ಹೆಸರು ಕೂಗಿದರೂ ಇನ್ನೊಬ್ಬರನ್ನು ಕೇಳಿಕೊಂಡೇ ಇಳಿಯುತ್ತಿದ್ದರಂತೆ.

ಅವರದು ನೇಯ್ಗೆಯವರ ಮನೆ. ಅಣ್ಣ ಪವರ್‌ಲೂಮ್ ಇಟ್ಟುಕೊಂಡಿದ್ದ. ಇವರಿಗೆ ಮಗ್ಗದ ಸದ್ದು ಆಗುತ್ತಿರಲಿಲ್ಲ. ತಲೆಯೊಳಗೆ ಯಾರೋ ಬಡಿದ ಹಾಗೆ ಆಗುತ್ತದೆ ಅನ್ನುತ್ತಿದ್ದರು. ಆದ್ದರಿಂದ ಗಾರೆ ಕೆಲಸ ಕಲಿತು, ರೇಷ್ಮೆ ನೂಲಿಗೆ ಬಣ್ಣ ಹಾಕುವವರಿಗೆ ತೊಟ್ಟಿ ಕಟ್ಟಿಕೊಡುತ್ತಿದ್ದರು. ಸಣ್ಣ ವಯಸ್ಸಿನಲ್ಲಿ ಅವರು ಕಟ್ಟಿದ ಒಂದು ತೊಟ್ಟಿ ಕಣ್ಣಿಗೆ ಕಾಣದಷ್ಟು ಬಿರುಕು ಬಿಟ್ಟಿತ್ತು. ಮೂರು ಮನೆ ಆಚೆ ಒಬ್ಬ ಮುದುಕಿ ಬೆಳಿಗ್ಗೆ ಬಾವಿಗೆ ಕೊಡ ಬಿಟ್ಟರೆ ಗುಲಾಬಿ ಬಣ್ಣದ ನೀರು ಬಂತು. ಮಾರಿ ಮುನಿದಿದ್ದಾಳೆ ಎಂದು ಮುದುಕಿ ಮೂರು ದಿನ ಊಟ ಬಿಟ್ಟಳಂತೆ. ಈ ಕಥೆಯನ್ನು ಸಾಹೇಬರಿಗೆ ಹೇಳುವಾಗ ಎಲ್ಲರೂ ನಕ್ಕರು, ಅವರು ನಗಲಿಲ್ಲ. "ನಾವು ಮಲಗ್ತೀವಿ ಸಾರ್, ನೀರು ಮಲಗಲ್ಲ. ಅದು ದಾರಿ ಹುಡುಕ್ತಾನೇ ಇರ್ತದೆ," ಅಂದರು.

ಸಾಹೇಬರ ಹತ್ತಿರ ಬಣ್ಣದ ಚಿತ್ರಗಳ ಒಂದು ಪುಸ್ತಕವಿತ್ತು. ಅದನ್ನು ಇಟ್ಟುಕೊಂಡು ಇಬ್ಬರೂ ನಮ್ಮ ಬೇಲಿಯ ಪಕ್ಕದ ಕಲ್ಲುಬೆಂಚಿನ ಮೇಲೆ ಕೂರುತ್ತಿದ್ದರು. ನಾನು ಹೂ ಬಿಡಿಸುತ್ತಾ ಎಲ್ಲ ಕೇಳಿಸಿಕೊಳ್ಳುತ್ತಿದ್ದೆ. ಈಜುಕೊಳದಲ್ಲಿ ಎಷ್ಟು ಬಗೆ ಎಂದು ನಾನು ತಿಳಿದುಕೊಂಡದ್ದು ಹಾಗೆ. ನೆಲದ ಮೇಲೆ ತಗಡಿನ ಗೋಡೆ ನಿಲ್ಲಿಸಿ ನೀರು ತುಂಬುವುದು ಒಂದು. ಅದು ಹಂಡೆ ಇಟ್ಟ ಹಾಗಿರುತ್ತದೆ ಎಂದು ಸಾಹೇಬರು ಮುಖ ಸಿಂಡರಿಸಿದರು. ಗುಂಡಿ ತೋಡಿ ದಪ್ಪ ಪ್ಲಾಸ್ಟಿಕ್ ಹಾಸುವುದು ಇನ್ನೊಂದು. ಇಲ್ಲಿ ಹೆಗ್ಗಣ ಜಾಸ್ತಿ, ವರ್ಷದೊಳಗೆ ಜರಡಿ ಮಾಡುತ್ತವೆ ಎಂದು ಮೇಸ್ತ್ರಿಯೇ ಬೇಡ ಅಂದರು. ಉಳಿದದ್ದು ಎರಡು. ಫೈಬರಿನ ಸಿದ್ಧ ತೊಟ್ಟಿ, ಅಥವಾ ಕಂಬಿ ಕಟ್ಟಿ ಕಾಂಕ್ರೀಟು ಹಾಕಿ ಟೈಲ್ಸ್ ಅಂಟಿಸುವುದು.

ಸಾಹೇಬರಿಗೆ ಫೈಬರೇ ಬೇಕು. ಸ್ನೇಹಿತರೊಬ್ಬರ ಮನೆಯಲ್ಲಿ ನೋಡಿದ್ದರು. ನುಣುಪಾಗಿರುತ್ತದೆ, ಬೇಗ ಆಗುತ್ತದೆ, ಬೇಸಿಗೆಗೆ ಮೊಮ್ಮಕ್ಕಳು ಬರುವ ಹೊತ್ತಿಗೆ ಸಿದ್ಧವಿರುತ್ತದೆ. ಮೇಸ್ತ್ರಿ ತಲೆ ಕೆರೆದುಕೊಂಡರು. "ಒಣ ಭೂಮಿಗೆ ಅದಕ್ಕಿಂತ ಒಳ್ಳೇದಿಲ್ಲ ಸಾರ್. ಆದ್ರೆ ಇದು ಕೆರೆ ಕೆಳಗಿನ ಜಾಗ. ನೆಲದೊಳಗೆ ನೀರು ಮೇಲಕ್ಕೆ ಬಂದಾಗ ನೀವೇನಾದ್ರೂ ತೊಟ್ಟಿ ಖಾಲಿ ಮಾಡಿದ್ರೋ, ಅದು ದೋಣಿ ಥರ ಎದ್ದು ಕೂರ್ತದೆ. ಅಂಥ ಕಡೆ ಭಾರ ಬೇಕು, ಕಾಂಕ್ರೀಟೇ ಆಗ್ಬೇಕು," ಅಂದರು. ನೀರು ಮೇಲಕ್ಕೆ ಬರುತ್ತದೆ ಎಂದು ನಿಮಗೆ ಹೇಳಿದವರು ಯಾರು ಎಂದು ಸಾಹೇಬರು ರೇಗಿದರು. ಯಾರೂ ಹೇಳಿಲ್ಲ, ಕೇಳಿ ನೋಡುತ್ತೇನೆ ಎಂದು ಮೇಸ್ತ್ರಿ ಎದ್ದರು. ನನಗೆ ಅವರು ಎದ್ದದ್ದು ಕೇಳಿಸಿತು. ಎಲ್ಲಿಗೆ ಬರುತ್ತಾರೆ ಅನ್ನುವುದೂ ಗೊತ್ತಾಯಿತು.

ಅದಕ್ಕೆ ಮುಂಚಿನ ವಾರವೇ ನಮ್ಮ ಭಾವ, ನಿಮ್ಮ ತಾತನ ಅಣ್ಣ, ನನಗೆ ಎಚ್ಚರಿಕೆ ಹೇಳಿದ್ದರು. ಅವರ ಜಮೀನು ನಮ್ಮದಕ್ಕೆ ಅಂಟಿಕೊಂಡೇ ಇತ್ತು. ಭಾವನ ಎದುರು ನಿಂತು ಮಾತಾಡುವ ಪದ್ಧತಿ ನಮ್ಮಲ್ಲಿ ಇರಲಿಲ್ಲ. ಅವರು ಜಗಲಿಯಲ್ಲಿ ಕೂತು ಗೋಡೆಗೆ ಹೇಳಿದ ಹಾಗೆ ಹೇಳಿದರು, ನಾನು ಬಾಗಿಲ ಹಿಂದೆ ನಿಂತು ಕೇಳಿದೆ. "ತೋಪಿನೋರು ಬಾವಿ ವಿಷ್ಯ ಕೇಳಿದ್ರೆ ಬಾಯಿ ಬಿಡ್ಬೇಡಮ್ಮ. ನೀರೈತೆ ಅಂತ ಗೊತ್ತಾದ್ರೆ ಬೇಲಿ ಪಕ್ಕಕ್ಕೇ ಬೋರ್ ಇಳಿಸ್ತಾರೆ. ಆಮೇಲೆ ನಿನ್ ಬಾವೀಲಿ ಕಪ್ಪೇನೂ ಇರಲ್ಲ."

ಮೇಸ್ತ್ರಿ ಬಂದು ಬಾವಿಕಟ್ಟೆಯ ಹೊರಗೇ ಚಪ್ಪಲಿ ಬಿಟ್ಟರು. ಅದನ್ನು ನಾನು ಮರೆತಿಲ್ಲ. ಗಂಗಮ್ಮನ ಜಾಗ ಎಂದು ನಾವು ಬಿಡುತ್ತೇವೆ, ಹೊರಗಿನವರು ಬಿಡುವುದು ಕಡಿಮೆ. ನಾನು ಲೋಟದಲ್ಲಿ ಮಜ್ಜಿಗೆ ತಂದಿಟ್ಟೆ. ಬೆಳಕಿಗೆ ಹಿಡಿದು ನೋಡಿ ಕುಡಿದರು. ಆಮೇಲೆ ಕೊಡ ಬಿಟ್ಟು ಬಾವಿನೀರು ಸೇದಿ ಒಂದು ಬೊಗಸೆ ಬಾಯಿಗೆ ಹಾಕಿಕೊಂಡರು.

"ಇದು ಬಂಡೆ ನೀರಲ್ಲ ಅಕ್ಕ, ಕೆರೆ ನೀರು," ಅಂದರು. "ಒಂದು ಮಾತು ಕೇಳ್ತೀನಿ, ತಪ್ಪು ತಿಳ್ಕೋಬೇಡಿ. ಒಳ್ಳೆ ಮಳೆ ಆದ ವರ್ಷ ನೀರು ಎಲ್ಲಿಗಂಟ ಬರ್ತದೆ?"

"ಬರಲ್ಲ," ಅಂದೆ.

"ಅಂದ್ರೆ?"

"ಈಗ ಇರೋ ಕಡೆಗೇ. ಅದಕ್ಕಿಂತ ಮೇಲೆ ಬರಲ್ಲ."

ಅವರು ಬಗ್ಗಿ ನೋಡಿದರು. ನೀರು ಆಳದಲ್ಲಿತ್ತು. ಆದರೆ ಒಳಗೋಡೆಯಲ್ಲಿ, ಬಾಯಿಂದ ಮೂರೋ ನಾಲ್ಕೋ ಸಾಲು ಕಲ್ಲಿನ ಕೆಳಗೆ, ಸುತ್ತಲೂ ಒಂದು ಬೆಳ್ಳನೆಯ ಗೆರೆ. "ಆ ಗೆರೆ ಏನಕ್ಕ?" ಎಂದು ಕೇಳಿದರು. ನನಗೆ ಅಷ್ಟು ಚೆನ್ನಾಗಿ ಸುಳ್ಳು ಹೇಳಲು ಬರುತ್ತದೆಂದು ನನಗೇ ಗೊತ್ತಿರಲಿಲ್ಲ. ಅದು ನಮ್ಮ ಮಾವನವರ ಕಾಲದ್ದು, ಆಗ ತೂಬು ಈ ಕಡೆ ಹರಿಯುತ್ತಿತ್ತು, ಅದು ಹೂತುಹೋಗಿ ಎಷ್ಟೋ ವರ್ಷವಾಯಿತು, ನಾನು ಮದುವೆಯಾಗಿ ಬಂದ ಮೇಲೆ ಒಂದು ಸಲವೂ ನೋಡಿಲ್ಲ ಅಂದೆ. ನಿಮ್ಮ ತಾತ ಬದುಕಿದ್ದ ಕೊನೆಯ ಮಳೆಗಾಲದಲ್ಲಿ ನಾನು ಹಗ್ಗವೇ ಇಲ್ಲದೆ ಬಗ್ಗಿ ಕೊಡ ಮುಳುಗಿಸಿದ್ದೆ.

ಅವರು ನನ್ನ ಮುಖವನ್ನು ಒಂದು ಗಳಿಗೆ ನೋಡಿದರು. ಚಪ್ಪಲಿ ಮೆಟ್ಟಿಕೊಂಡು ಹೊರಟರು. ಬೇಲಿಯಾಚೆ ಸಾಹೇಬರಿಗೆ ಹೇಳಿದ್ದು ಕೇಳಿಸಿತು. "ಆಯ್ತು ಸಾರ್, ಫೈಬರೇ ಇಡೋಣ. ಆ ಅಕ್ಕನೇ ಹೇಳವ್ರೆ. ಬಾವಿ ನಂಬ್ಕೊಂಡು ಬದುಕೋರು, ಅವರಿಗಿಂತ ಇನ್ಯಾರಿಗೆ ಗೊತ್ತಿರ್ತದೆ."

ತೊಟ್ಟಿ ಬಂದ ದಿನ ಊರಿಗೆ ಊರೇ ನೋಡಲು ನಿಂತಿತ್ತು. ಹುಣಸೆಮರದ ತಿರುವಿನಲ್ಲಿ ಲಾರಿ ಸಿಕ್ಕಿಕೊಂಡಿತು. ಹತ್ತಾರು ಜನ ಕೈ ಹಾಕಿ ಇಳಿಸಿದರು. ಸಾಹೇಬರು ದೊಗಲೆ ಚಡ್ಡಿ ಹಾಕಿಕೊಂಡು ನೀರಿಗಿಳಿದರು, ಮೊಮ್ಮಕ್ಕಳು ಬಂದು ಕಿರುಚಾಡಿ ಹೋದರು. ಸಾಹೇಬರ ಬೋರ್‌ವೆಲ್ ಗೇಟಿನ ಹತ್ತಿರ, ನಮ್ಮಿಂದ ದೂರದಲ್ಲಿತ್ತು. ಆದರೂ ಆ ಗೇಟಿಗೆ ಯಾವ ಲಾರಿ ಬಂದರೂ ಬೋರ್ ಹಾಕುವ ಯಂತ್ರವೇ ಬಂತೆಂದು ಓಡಿ ನೋಡುತ್ತಿದ್ದೆ. ಬರುತ್ತಿದ್ದದ್ದು ಗೊಬ್ಬರ, ಇಲ್ಲವೆ ಕುಂಡ. ಆದರೂ ನನ್ನ ಅನುಮಾನ ಹೋಗಲಿಲ್ಲ. ಇವತ್ತಲ್ಲ ನಾಳೆ ಎಂದುಕೊಳ್ಳುತ್ತಿದ್ದೆ.

ಎರಡನೆಯ ವರ್ಷ ಮಳೆ ಹಿಡಿಯಿತು. ನಮ್ಮ ಬಾವಿಯಲ್ಲಿ ದಿನಕ್ಕೊಂದು ಸಾಲು ಕಲ್ಲು ಮುಳುಗುತ್ತಿತ್ತು. ಬೇರೆ ವರ್ಷವಾಗಿದ್ದರೆ ಸಂತೋಷಪಡುತ್ತಿದ್ದೆ. ಆ ವರ್ಷ ಬೆಳಿಗ್ಗೆ ಎದ್ದು ಬಗ್ಗಿ ನೋಡುವುದಕ್ಕೇ ಹೆದರಿಕೆ. ತೋಪಿನಲ್ಲಿ ಎಲೆ ಉದುರಿ ತೊಟ್ಟಿಯ ನೀರು ಹಸಿರಾಗಿದೆ, ಖಾಲಿ ಮಾಡಿ ಉಜ್ಜುತ್ತಾರೆ ಎಂದು ಅಲ್ಲಿ ಕಸ ಗುಡಿಸುವವಳು ಹೇಳಿದಳು. ನಾನು ಸೆರಗು ಹೊದ್ದುಕೊಂಡು ಗೇಟಿನವರೆಗೆ ಹೋದೆ. ಖಾಲಿ ಮಾಡಬೇಡಿ ಎಂದು ಎರಡು ಪದ ಹೇಳಬೇಕಿತ್ತು, ಅಷ್ಟೇ. ಕಾವಲುಗಾರ ಏನಮ್ಮಾ ಅಂದ. ಹೂವು ಬೇಕಾ ಎಂದು ಕೇಳಲು ಬಂದೆ ಅಂದೆ. ಎರಡು ಮೊಳ ಅವನ ಕೈಗೆ ಕೊಟ್ಟು ಹಿಂದಕ್ಕೆ ಬಂದೆ. ಹೇಳಿದರೆ ನಿನಗೆ ಹೇಗೆ ಗೊತ್ತು ಎಂದು ಕೇಳುತ್ತಿದ್ದರು.

ಅದಾದ ಮೂರನೆಯ ದಿನ ಕೆರೆ ಕೋಡಿ ಬಿತ್ತು. ತಮಟೆ ಬಾರಿಸಿಕೊಂಡು ಎಲ್ಲರೂ ಏರಿ ಹತ್ತಿದರು. ಮುತ್ತೈದೆಯರು ಗಂಗಮ್ಮನಿಗೆ ಬಾಗಿನ ಬಿಡುವಾಗ ನಾನು ಪದ್ಧತಿಯಂತೆ ದೂರದಲ್ಲಿ, ಬೆನ್ನು ಮಾಡಿ ನಿಂತಿದ್ದೆ. ಅದರಿಂದ ತೋಪನ್ನು ಮೊದಲು ನೋಡಿದವಳು ನಾನೇ. ಮಾವಿನ ಮರಗಳ ನಡುವೆ ಖಾಲಿ ಮಾಡಿದ್ದ ನೀಲಿ ತೊಟ್ಟಿ ನೆಲ ಸೀಳಿಕೊಂಡು ಮೇಲೆದ್ದು, ಒಂದು ಮಗ್ಗುಲಿಗೆ ವಾಲಿ ನಿಂತಿತ್ತು. ಸುತ್ತ ಹಾಸಿದ್ದ ಕಲ್ಲುಗಳು ಚೆಲ್ಲಾಪಿಲ್ಲಿಯಾಗಿದ್ದವು. ಆಮೇಲೆ ಒಬ್ಬೊಬ್ಬರಾಗಿ ಎಲ್ಲರೂ ತಿರುಗಿದರು. ಯಾರೋ ಜೋರಾಗಿ, "ಲೇ, ಸಾಹೇಬ್ರ ದೋಣಿ ಹೊಂಟೈತೆ ಕಣ್ರೋ," ಅಂದ. ಏರಿಯ ಮೇಲೆ ನಗು ಎದ್ದಿತು.

ಮೇಸ್ತ್ರಿ ಮಧ್ಯಾಹ್ನದ ಬಸ್ಸಿಗೆ ಬಂದರು. ಸಾಹೇಬರು ಕೂಗಾಡುತ್ತಿದ್ದದ್ದು ನಮ್ಮ ಮನೆಗೆ ಕೇಳುತ್ತಿತ್ತು. ಸ್ವಲ್ಪ ಹೊತ್ತಿಗೆ ಮೇಸ್ತ್ರಿ ನೇರವಾಗಿ ನಮ್ಮ ಬಾವಿಯ ಹತ್ತಿರ ಬಂದು ಚಪ್ಪಲಿ ಬಿಟ್ಟರು. ನಾನು ಬಾಗಿಲ ಹಿಂದೆ, ಸಂದಿಯಲ್ಲಿ ಕಣ್ಣಿಟ್ಟು ನಿಂತಿದ್ದೆ. ನೀರು ಮೂರನೆಯ ಸಾಲಿಗೆ ಬಂದು ಅಲ್ಲಾಡದೆ ನಿಂತಿತ್ತು, ಬಗ್ಗಿದವರ ಮುಖ ಕಾಣುವಷ್ಟು ಹತ್ತಿರ. ಬಹಳ ಹೊತ್ತು ನೋಡಿದರು. ಚೀಲದಿಂದ ಉಳಿ, ಸುತ್ತಿಗೆ ತೆಗೆದು, ಕಟ್ಟೆಯ ಮೇಲೆ ಬೋರಲು ಮಲಗಿ, ನೀರು ಮುಟ್ಟಿದ ಕಡೆ ಕಲ್ಲಿನಲ್ಲಿ ಒಂದು ಗೀರು ಹೊಡೆದರು. ಎದ್ದು ಅಂಗಿ ಕೊಡವಿಕೊಂಡರು. ಬಾಗಿಲ ಕಡೆ ತಿರುಗಲಿಲ್ಲ.

ಆ ಹೆಂಗಸು ನೀರು ಬರುವುದಿಲ್ಲ ಅಂದಿದ್ದಳಂತಲ್ಲ, ಅವಳನ್ನೇ ಕರೆಸಿ ಎಂದು ಬೇಲಿಯಾಚೆ ಸಾಹೇಬರು ಅನ್ನುತ್ತಿದ್ದರು. "ಅವರದ್ದೇನೂ ಇಲ್ಲ ಸಾರ್. ನೋಡ್ಕೋಬೇಕಾಗಿದ್ದು ನಾನು," ಎಂದು ಮೇಸ್ತ್ರಿ ಹೇಳಿದ್ದು ಕೇಳಿಸಿತು. ಅಷ್ಟೇ. ನನ್ನನ್ನು ಯಾರೂ ಕರೆಸಲಿಲ್ಲ.

ಆಮೇಲೆ ಅವರನ್ನು ಯಾರೂ ಕೆಲಸಕ್ಕೆ ಕರೆಯಲಿಲ್ಲ. ದೊಡ್ಡಬಳ್ಳಾಪುರದಲ್ಲಿ ದೋಣಿ ಮೇಸ್ತ್ರಿ ಎಂದು ಹೆಸರಿಟ್ಟರು. ಬಣ್ಣದ ತೊಟ್ಟಿ ಕಟ್ಟಿಸುವವರೂ ಬೇರೆಯವರ ಹತ್ತಿರ ಹೋದರು. ಇವರು ಅಣ್ಣನ ಮನೆಯಲ್ಲಿ ಮಗ್ಗಕ್ಕೆ ನಿಂತರೆಂದು ಮಾರ್ಕೆಟ್ಟಿನಲ್ಲಿ ಕೇಳಿದೆ. ಸಾಹೇಬರು ತೋಪನ್ನು ಮಾರಿ ಹೋದರು. ಬೇಲಿ ಪಕ್ಕದಲ್ಲಿ ಬೋರ್ ಹಾಕಿಸಿದ್ದು ಅವರಲ್ಲ, ಅವರ ನಂತರದವರೂ ಅಲ್ಲ. ನಾಲ್ಕು ವರ್ಷದ ಮೇಲೆ ನಮ್ಮ ಭಾವನೇ ಹಾಕಿಸಿದರು, ನಮ್ಮ ಬಾವಿಯಿಂದ ಇಪ್ಪತ್ತು ಹೆಜ್ಜೆ ದೂರಕ್ಕೆ. ಆಗಲೂ ಜಗಲಿಯಲ್ಲಿ ಕೂತು ಗೋಡೆಗೆ ಹೇಳಿದ ಹಾಗೆ ಏನೋ ಕಾರಣ ಹೇಳಿದರು. ನಾನು ಆಗಲೂ ಬಾಗಿಲ ಹಿಂದೆಯೇ ನಿಂತಿದ್ದೆ.

ನಿಮ್ಮ ಅತ್ತೆಯ ಮದುವೆಗೆ ಸೀರೆ ತರಲು ಹೋದಾಗ ನೆಂಟರು ನನ್ನನ್ನು ಕರೆದುಕೊಂಡು ಹೋದದ್ದು ಮೇಸ್ತ್ರಿಯ ಅಣ್ಣನ ಮನೆಗೇ. ನನಗೆ ಗೊತ್ತಿತ್ತು. ನಾನು ಸುಳ್ಳು ಹೇಳಿದೆ, ತಪ್ಪಾಯಿತು ಎನ್ನುವ ಮಾತನ್ನು ಬಸ್ಸಿನಲ್ಲಿ ಹತ್ತು ಸಲ ಮನಸ್ಸಿನಲ್ಲೇ ಹೇಳಿಕೊಂಡಿದ್ದೆ. ಒಳಗೆ ನಾಲ್ಕು ಮಗ್ಗ ಒಟ್ಟಿಗೆ ಬಡಿಯುತ್ತಿದ್ದವು. ಅವರು ಕಿವಿಗೆ ಹತ್ತಿ ಇಟ್ಟುಕೊಂಡು ನಿಂತಿದ್ದರು. ನನ್ನನ್ನು ನೋಡಿ ತಮ್ಮ ಮಗ್ಗ ನಿಲ್ಲಿಸಿ, ಹತ್ತಿ ತೆಗೆದು, ಹೊರಗೆ ಬಂದರು.

"ಬಾವಿ ಹೆಂಗದೆ ಅಕ್ಕ?"

"ಅದೆ."

"ಬೋರ್ ಹಾಕಿದ್ರಾ ಪಕ್ಕದಲ್ಲಿ?"

ನಾನು ಸುಳ್ಳು ಹೇಳಿದ್ದು ಯಾಕೆಂದು ಅವರಿಗೆ ಗೊತ್ತಿತ್ತು ಎಂದು ನನಗೆ ತಿಳಿದದ್ದು ಆಗ. "ಹಾಕಿದ್ರು," ಅಂದೆ.

"ಸಾಹೇಬ್ರಾ?"

"ಇಲ್ಲ. ನಮ್ ಭಾವ."

ಅವರು ನಗುವುದನ್ನು ನಾನು ನೋಡಿದ್ದು ಅದೊಂದೇ ಸಲ. ಸದ್ದಿಲ್ಲದೆ, ಭುಜ ಕುಲುಕುವ ಹಾಗೆ ನಕ್ಕರು. ಆಮೇಲೆ ಒಳಗಿಂದ ಒಂದು ಲೋಟ ನೀರು ತಂದು, ಬೆಳಕಿಗೆ ಹಿಡಿದು ನೋಡಿ ನನ್ನ ಕೈಗೆ ಕೊಟ್ಟರು. "ಕುಡೀರಿ ಅಕ್ಕ, ನೋಡಿದೀನಿ," ಅಂದರು. ನಾನು ಕುಡಿದೆ. ಬಸ್ಸಿನಲ್ಲಿ ಹೇಳಿಕೊಂಡಿದ್ದ ಮಾತು ಬಾಯಿಗೆ ಬರಲಿಲ್ಲ. ಅವರು ಮತ್ತೆ ಹತ್ತಿ ಇಟ್ಟುಕೊಂಡರು.

ಒಂದು ಅನುಮಾನ ನನಗೆ ಇನ್ನೂ ಉಳಿದಿದೆ. ಕಂಡಕ್ಟರನ್ನೂ ನಂಬದ ಮನುಷ್ಯ, ಬಾವಿಯೊಳಗಿನ ಗೆರೆಯನ್ನು ಕಣ್ಣಾರೆ ಕಂಡ ಮೇಲೂ ನನ್ನ ಮಾತನ್ನು ಯಾಕೆ ನಂಬಿದರು? ನಿಜವಾಗಿ ನಂಬಿದರೋ, ಇಲ್ಲ ನನ್ನ ಮುಖದಲ್ಲಿ ಹೆದರಿಕೆ ಕಂಡು ಸುಮ್ಮನಾದರೋ? ಕೇಳಬಹುದಾಗಿತ್ತು, ಕೇಳಲಿಲ್ಲ. ಈಗ ಕೇಳುವುದಕ್ಕೆ ಅವರಿಲ್ಲ.

ಭಾವನ ಬೋರ್ ಯಾವತ್ತೋ ಬತ್ತಿಹೋಯಿತು. ಬಾವಿಯನ್ನು ನೀವು ಹುಟ್ಟುವ ಮೊದಲೇ ಮುಚ್ಚಿಸಿದೆವು. ನೀರಿಲ್ಲದ್ದಕ್ಕೆ ಅಲ್ಲ, ಮುಂದೆ ಹುಟ್ಟುವ ಮಕ್ಕಳು ಬಿದ್ದಾರೆಂದು. ಮೊನ್ನೆ ಮೊನ್ನೆ ಕೆರೆ ಮತ್ತೆ ಕೋಡಿ ಬಿದ್ದಾಗ ಚಪ್ಪಡಿಗೆ ಕಿವಿ ಇಟ್ಟು ಕೇಳಿದ್ದೆ. ಒಂದು ಕಲ್ಲುಹರಳನ್ನು ಸಂದಿಯಿಂದ ಬಿಟ್ಟರೆ ಬಿಟ್ಟ ಕೂಡಲೇ ಬುಳುಕ್ ಅಂದಿತು.

ನಿಮ್ಮ ಅಪ್ಪನಿಗೆ ಇದನ್ನು ಓದಿ ಹೇಳಿ. ನಾಳೆ ಇಬ್ಬರು ಆಳುಗಳನ್ನು ಕರೆಸಿ ಚಪ್ಪಡಿ ಸರಿಸಲಿ. ಬಾಯಿಂದ ಕೆಳಗೆ ಮೂರನೆಯ ಸಾಲಿನಲ್ಲಿ, ಕರಿಬೇವಿನ ಗಿಡದ ಕಡೆಯ ಕಲ್ಲಿನ ಮೇಲೆ, ಉಳಿಯಿಂದ ಹೊಡೆದ ಒಂದು ಗೀರು ಸಿಗುತ್ತದೆ. ಪಾಚಿ ಕಟ್ಟಿರಬಹುದು, ಉಜ್ಜಿ ನೋಡಿ. ಒಳ್ಳೆಯ ಮಳೆಯಾದ ವರ್ಷ ನೀರು ಅಲ್ಲಿಯವರೆಗೆ ಬರುತ್ತದೆ. ಕೊಳ ಮಾಡಿಸುವುದಾದರೆ ಕಾಂಕ್ರೀಟಿನದೇ ಮಾಡಿಸಿ.